ಆವತಿ ಮಾರ್ಗವಾಗಿ ಹಿಮಾಲಯಕ್ಕೆ

ನಮ್ಮ ಅಡುಗೆಮನೆಯಲ್ಲಿ, ಕಾಫಿಪುಡಿಯ ಡಬ್ಬಿಗೂ ಮೆಂತ್ಯದ ಡಬ್ಬಿಗೂ ನಡುವೆ, ನಮ್ಮದಲ್ಲದ ಒಂದು ಸ್ಟೀಲ್ ಡಬ್ಬಿ ಇದೆ. ಮುಚ್ಚಳದ ಮೇಲೆ ಚುಕ್ಕಿ ಅಕ್ಷರಗಳಲ್ಲಿ ‘ಪಿ. ಗೌರಮ್ಮ, ಆವತಿ’ ಎಂದು ಕೊರೆಸಿದ್ದಾರೆ. ನನ್ನ ಹೆಂಡತಿಯ ಹೆಸರು ಗೌರಮ್ಮ ಅಲ್ಲ, ವಿಶಾಲಾಕ್ಷಿ. ನಮ್ಮೂರು ಆವತಿಯೂ ಅಲ್ಲ, ನೆಲಮಂಗಲ. ಮೊನ್ನೆ ಸಕ್ಕರೆ ಕೇಳಲು ಬಂದ ಪಕ್ಕದ ಮನೆಯಾಕೆ ಒಂದು ಸಲ ಡಬ್ಬಿಯನ್ನೂ ಒಂದು ಸಲ ನನ್ನ ಮುಖವನ್ನೂ ನೋಡಿ, ಸಕ್ಕರೆ ಈಸಿಕೊಂಡು ಹೋದರು. ಅಂದಿನಿಂದ ಅವರ ಮನೆಯ ಹೊರಗೆ ಒಣಗುತ್ತಿದ್ದ ಪಾತ್ರೆಗಳೆಲ್ಲ ಒಳಗೇ ಒಣಗುತ್ತಿವೆ. ನಿವೃತ್ತ ಹೈಸ್ಕೂಲು ಮೇಷ್ಟರೊಬ್ಬನ ಚಾರಿತ್ರ್ಯದ ಪ್ರಶ್ನೆಯಾದ್ದರಿಂದ, ಆ ಡಬ್ಬಿ ನಮ್ಮಲ್ಲಿಗೆ ಬಂದ ಬಗೆಯನ್ನು ಸಾರ್ವಜನಿಕರ ಅವಗಾಹನೆಗೆ ತರುವುದು ನನ್ನ ಕರ್ತವ್ಯ.

ಅದಕ್ಕೂ ಮೊದಲು ಪಾತ್ರೆಗಳ ಬಗ್ಗೆ ಎರಡು ಮಾತು. ನಾನು ಅಕ್ಷರ ಕಲಿತದ್ದು ಶಾಲೆಯಲ್ಲಿ ಎಂದು ದಾಖಲೆಗಳು ಹೇಳುತ್ತವೆ. ಸುಳ್ಳು. ಕಲಿತದ್ದು ಊಟದ ತಟ್ಟೆಯಲ್ಲಿ. ನಮ್ಮ ಮನೆಯ ತಟ್ಟೆಗಳೆಲ್ಲ ಯಾರದೋ ಮದುವೆಯಲ್ಲಿ ಯಾರೋ ಕೊಟ್ಟವು. ಪ್ರತಿಯೊಂದರ ತಳದಲ್ಲೂ ಬರಹ. ಅನ್ನ ಕರಗಿದಂತೆಲ್ಲ ಅಕ್ಷರ ಮೇಲೇಳುತ್ತಿದ್ದವು. ಸಾರನ್ನ ಮುಗಿಯುವ ಹೊತ್ತಿಗೆ ‘ಚಿ. ಸೌ.’ ಕಾಣಿಸುತ್ತಿತ್ತು. ಮಜ್ಜಿಗೆ ಅನ್ನಕ್ಕೆ ‘ಇವರ ಶುಭ ವಿವಾಹದ’ ಎಂಬಲ್ಲಿಗೆ ಬರುತ್ತಿದ್ದೆ. ಪೂರ್ತಿ ವಾಕ್ಯ ಓದಬೇಕಾದರೆ ತಟ್ಟೆ ನೆಕ್ಕಬೇಕು. ಅನ್ನ ಬಿಡಬಾರದೆಂಬ ನೀತಿಯನ್ನೂ ಸಾಕ್ಷರತೆಯನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದ ಆ ಪದ್ಧತಿಗೆ ಸರಿಗಟ್ಟುವ ಶಿಕ್ಷಣ ನೀತಿಯನ್ನು ನನ್ನ ಇಡೀ ಸೇವಾವಧಿಯಲ್ಲಿ ನಾನು ಕಾಣಲಿಲ್ಲ.

ಪಾತ್ರೆಯ ವಿಷಯದಲ್ಲಿ ನಮ್ಮಮ್ಮನದು ಒಂದೇ ಕಾನೂನು: ಬೇರೆಯವರ ಪಾತ್ರೆ ಖಾಲಿ ಹಿಂದಕ್ಕೆ ಹೋಗಕೂಡದು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಬೀಳಬೇಕು. ಒಂದು ಸಲ ಕೋಳಿಯೊಂದು ತುಳಸಿ ಗಿಡ ಕೆದಕಿದ ವಿಷಯಕ್ಕೆ ಪಕ್ಕದ ಮನೆಯ ತಿಮ್ಮಕ್ಕನಿಗೂ ನಮ್ಮಮ್ಮನಿಗೂ ಜಗಳವಾಗಿ ಮಾತು ನಿಂತಿತು. ದುರದೃಷ್ಟಕ್ಕೆ ಅಂದು ತಿಮ್ಮಕ್ಕನ ಬಟ್ಟಲು ನಮ್ಮ ಮನೆಯಲ್ಲಿತ್ತು. ಅಮ್ಮ ಅದಕ್ಕೆ ನಾಲ್ಕು ಚಕ್ಕುಲಿ ಹಾಕಿ, ಗೋಡೆಯ ಮೇಲಿಟ್ಟು, ಮುಖವನ್ನು ಪೂರ್ವಕ್ಕೆ ತಿರುಗಿಸಿಕೊಂಡು, ‘ಬಟ್ಟಲು ಐತೆ’ ಎಂದು ಆಕಾಶಕ್ಕೆ ಹೇಳಿದಳು. ತಿಮ್ಮಕ್ಕ ಪಶ್ಚಿಮಕ್ಕೆ ಮುಖ ಮಾಡಿ ಎತ್ತಿಕೊಂಡಳು. ಆದರೆ ಚಕ್ಕುಲಿ ತಿಂದಮೇಲೆ ಸುಮ್ಮನಿರಲಾದೀತೆ? ಮಾರನೆಯ ದಿನ ಅದೇ ಗೋಡೆಯ ಮೇಲೆ ರವೆ ಉಂಡೆ ಬಂತು, ಬೇರೆ ಬಟ್ಟಲಲ್ಲಿ. ಹೀಗೆ ಯುದ್ಧ ಘೋರವಾಗಿ ನಡೆಯಿತು. ಎರಡೂ ಮನೆಯ ಮಕ್ಕಳು ದಿನಾ ಸಂಜೆ ದೇವರಿಗೆ ಕೈಮುಗಿದು, ರಾಜಿ ಮಾತ್ರ ಆಗದಿರಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆವು.

ಇರಲಿ. ಗೌರಮ್ಮನ ಡಬ್ಬಿಗೆ ಬರೋಣ. ಅದಕ್ಕೆ ಹಿಮಾಲಯದಿಂದ ಶುರುಮಾಡಬೇಕು.

ವಿಶಾಲುಗೆ ಹಿಮಾಲಯ ನೋಡುವ ಆಸೆ. ದಿನಸಿ ಅಂಗಡಿಯವನು ಕೊಟ್ಟ ಕ್ಯಾಲೆಂಡರಿನಲ್ಲಿ ಒಂದು ಹಿಮದ ಬೆಟ್ಟವಿತ್ತು. ವರ್ಷ ಮುಗಿದರೂ ಆ ಕ್ಯಾಲೆಂಡರನ್ನು ಅವಳು ಇಳಿಸಲಿಲ್ಲ. ನಮ್ಮ ಮನೆಯಲ್ಲಿ ಅಮಾವಾಸ್ಯೆಗಳು ತಪ್ಪಿಹೋದದ್ದಕ್ಕೆ ಅದೇ ಕಾರಣ. ಕಳೆದ ವರ್ಷ ಅವರೆಕಾಯಿ ಶುರುವಾಗುವ ಹೊತ್ತಿಗೆ ಒಂದು ದಿನ ಅವಳೆಂದಳು:

“ಒಂದೇ ಹಳ್ಳಿಗೆ ಹೋಗಿ ಒಂದು ತಿಂಗಳು ಹಿಮ ನೋಡ್ತಾ ಕೂತಿರ್ಬೇಕು ಕಣ್ರಿ.”

“ಹಿಮ ನೋಡೋಕೆ ಒಂದು ತಿಂಗಳು ಯಾಕೆ? ಬೆಳ್ಳಗಿರುತ್ತೆ. ಹತ್ತು ನಿಮಿಷ ಸಾಕು” ಎಂದೆ ನಾನು.

ನನ್ನ ಮಟ್ಟಿಗೆ ಅದು ತಮಾಷೆಯ ಮಾತಲ್ಲ, ಅನುಭವದ ಮಾತು. ನಾನು ಸಮಾಜ ವಿಜ್ಞಾನದ ಮೇಷ್ಟರು. ಶಾಲಾ ಪ್ರವಾಸಗಳ ಕಾಯಂ ನಾಯಕ. ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳನ್ನು ಒಂದೇ ಹಗಲಿನಲ್ಲಿ ಮುಗಿಸಿ, ಕತ್ತಲಾಗುವುದರೊಳಗೆ ಇನ್ನೊಂದು ಅಣೆಕಟ್ಟನ್ನೂ ತೋರಿಸಿದ ಖ್ಯಾತಿ ನನ್ನದು. ಕುತ್ತಿಗೆಯಲ್ಲಿ ಪೀಪಿ. ಒಂದು ಊದಿದರೆ ಇಳಿಯುವುದು, ಎರಡು ಊದಿದರೆ ನೋಡುವುದು, ಉದ್ದ ಊದಿದರೆ ಬಸ್ಸು ಹತ್ತುವುದು. ಎರಡನೆಯದಕ್ಕೂ ಉದ್ದದ್ದಕ್ಕೂ ನಡುವೆ ಹೆಚ್ಚು ಅಂತರವಿರುತ್ತಿರಲಿಲ್ಲ. ಗೊಮ್ಮಟ ಅಷ್ಟು ಶತಮಾನ ನಿಂತೇ ಇದ್ದಾನೆ, ನಮಗೆ ನಿಲ್ಲಲು ಪುರುಸೊತ್ತಿಲ್ಲ. ನಮ್ಮ ಮದುವೆಯಾದ ಹೊಸದರಲ್ಲಿ ಇಬ್ಬರೂ ಹೋಗಿಬಂದ ವಿಹಾರವೂ ಇಂಥದೇ ಒಂದು ಪ್ರವಾಸ. ಬಸ್ಸು ತುಂಬ ಹೈಸ್ಕೂಲು ಮಕ್ಕಳು. ವಿಶಾಲು ಡ್ರೈವರನ ಹಿಂದಿನ ಸೀಟಿನಲ್ಲಿ, ವಾಂತಿ ಮಾಡುವವರಿಗೆಂದು ನಿಂಬೆಹಣ್ಣು ಹಿಡಿದು ಕೂತಿದ್ದಳು. ಉದ್ದದ ಪೀಪಿ ಊದಿದಾಗ ಹಳೇಬೀಡಿನ ಒಂದು ಆನೆಯ ಮುಂದೆ ನಿಂತಿದ್ದವಳು, ಆನೆಯನ್ನು ಅರ್ಧ ನೋಡಿ ಓಡಿ ಬಂದಳು. ಸೊಂಡಿಲಿನ ಭಾಗ ಇಂದಿಗೂ ಬಾಕಿ ಇದೆ.

ಆದ್ದರಿಂದ ‘ಹತ್ತು ನಿಮಿಷ ಸಾಕು’ ಎಂದದ್ದು ಹಳೆಯ ಗಾಯದ ಮೇಲೇ ಬಿತ್ತು. ಅವಳು ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿ ತೀರ್ಪು ಕೊಟ್ಟಳು.

“ನಿಮ್ಗೆ ಒಂದು ಪರೀಕ್ಷೆ. ದೂರ ಬೇಡ, ನಮ್ಮ ಜಿಲ್ಲೆ ಒಳಗೇ ಒಂದು ವಾರ. ಎಲ್ಲಿ ಹೋಗ್ತೀವಿ, ಯಾವಾಗ ಏಳ್ತೀವಿ, ಎಲ್ಲ ನಂದು. ನೀವು ಆತುರ ಮಾಡ್ಕೂಡ್ದು. ಪಾಸಾದ್ರೆ ಹಿಮಾಲಯಕ್ಕೆ ಇಬ್ರೂ. ಫೇಲಾದ್ರೆ ನಾನು ಮಹಿಳಾ ಸಮಾಜದವ್ರ ಜೊತೆ ಹೋಗ್ತೀನಿ, ನೀವು ಮನೇಲಿ ಗಿಡಕ್ಕೆ ನೀರು ಹಾಕ್ಕೊಂಡು ಇರಿ.”

“ಗ್ರೇಸ್ ಮಾರ್ಕ್ಸ್?”

“ಪೀಪಿ ಮನೇಲಿ ಬಿಟ್ಟು ಬಂದ್ರೆ ನೋಡೋಣ.”

ಜೀವಮಾನವಿಡೀ ಪ್ರಶ್ನೆಪತ್ರಿಕೆ ತೆಗೆದವನು ಮೊದಲ ಬಾರಿ ಪರೀಕ್ಷೆಗೆ ಕೂತೆ. ಮಹಿಳಾ ಸಮಾಜದವರು ನಿಜವಾಗಿಯೂ ಹೊರಡುವವರೇ. ಅದರ ಹಿಂದಿನ ವರ್ಷವಷ್ಟೇ ಕಾಶಿಗೆ ಹೋಗಿ, ಗಂಡಂದಿರಿಲ್ಲದ ಗಂಗೆ ಎಷ್ಟು ಪ್ರಶಾಂತ ಎಂದು ಹೇಳಿಕೊಂಡು ಬಂದಿದ್ದರು.

ಪ್ರಯಾಣಕ್ಕೆ ಬೆನ್ನುಚೀಲಗಳನ್ನು ಕೊಟ್ಟವಳು ವಿಶಾಲುವಿನ ತಮ್ಮನ ಮಗಳು ಸಿಂಚನ. ಅವಳೂ ಅವಳ ಗಂಡನೂ ಬೆನ್ನಿಗೆ ಇಂಥ ಚೀಲ ಕಟ್ಟಿಕೊಂಡು ಎಲ್ಲೆಲ್ಲೋ ಅಲೆದು ಬರುತ್ತಾರೆ. ಇದಕ್ಕೆ ಬ್ಯಾಕ್‌ಪ್ಯಾಕಿಂಗ್ ಎನ್ನುತ್ತಾರಂತೆ. ಅಂದರೆ, ಮನೆಯಲ್ಲಿ ಪುಕ್ಕಟೆ ಸಿಗುವ ಕಷ್ಟವನ್ನು ಪರಸ್ಥಳಕ್ಕೆ ಹೋಗಿ ದುಡ್ಡು ಕೊಟ್ಟು ಪಡುವುದು.

“ಮಾವ, ಪ್ಲಾನೇ ಮಾಡ್ಬೇಡಿ. ಸ್ಲೋ ಆಗಿ ಹೋಗಿ. ಲೋಕಲ್ಸ್ ಜೊತೆ ಫ್ರೆಂಡ್ಸ್ ಆಗಿ” ಎಂದಳು.

“ನಾವೇ ಲೋಕಲ್ಸ್ ಅಲ್ವೇನಮ್ಮ?”

“ಅದೇ ಮಾವ ನಿಮ್ ಪ್ರಾಬ್ಲಮ್ಮು” ಎಂದು ಚೀಲವನ್ನು ನನ್ನ ಬೆನ್ನಿಗೇರಿಸಿ, ಎದೆಯ ಮೇಲೆ ಒಂದು ಬಕಲು ಹಾಕಿ ಬಿಗಿದಳು. ಆ ಬಕಲಿಗೆ ಕಂಪನಿಯವರೇ ಒಂದು ಸಣ್ಣ ಪೀಪಿ ಜೋಡಿಸಿದ್ದರು. ಕಾಡಿನಲ್ಲಿ ದಾರಿ ತಪ್ಪಿದರೆ ಊದುವುದಕ್ಕಂತೆ. ನನ್ನ ಹಳೆಯ ಪೀಪಿಯನ್ನು ಮೊಳೆಗೆ ನೇತುಹಾಕಿ, ಅದಕ್ಕೆ ಕೈಮುಗಿದು ಬಂದಿದ್ದೆ. ಇದನ್ನು ಮಾತ್ರ ನಾನಾಗಿ ಕೇಳಿದ್ದಲ್ಲ. ಅದು ವಿಧಿಯ ಸಂಚು.

ಹೊರಟೆವು. ದೊಡ್ಡಬಳ್ಳಾಪುರದಲ್ಲಿ ಒಂದು ಮನೆಯ ಕಿಟಕಿಯಿಂದ ಮಗ್ಗದ ಸದ್ದು ಕೇಳಿ ವಿಶಾಲು ನಿಂತಳು. ಸೀರೆಯ ಅಂಚು ಇಷ್ಟಿಷ್ಟೇ ಬೆಳೆಯುವುದನ್ನು ನೋಡುತ್ತ ನಿಂತೇ ಇದ್ದಳು. ಸೀರೆ ಪೂರ್ತಿಯಾಗುವವರೆಗೂ ನಿಲ್ಲುತ್ತಾಳೇನೋ ಎಂದು ನನಗೆ ಭಯವಾಯಿತು. ಆದರೆ ಬಾಯಿ ಬಿಡಲಿಲ್ಲ. ದೇವನಹಳ್ಳಿಯಲ್ಲಿ ಕೋಟೆಯ ಗೋಡೆಗೆ ಬೆನ್ನುಕೊಟ್ಟು ಚಕ್ಕೋತ ಬಿಡಿಸಿ ತಿಂದಳು. ಚಕ್ಕೋತ ಎಂಬುದು ದೇವರು ಆತುರಗಾರರನ್ನು ಶಿಕ್ಷಿಸಲೆಂದೇ ಮಾಡಿದ ಹಣ್ಣು. ಸಿಪ್ಪೆ ತೆಗೆದರೆ ಒಳಗೆ ಇನ್ನೊಂದು ಸಿಪ್ಪೆ, ಅದನ್ನೂ ತೆಗೆದರೆ ತೊಳೆಗೊಂದೊಂದು ಸಿಪ್ಪೆ. ಅಲ್ಲಿಯೂ ಬಾಯಿ ಬಿಡಲಿಲ್ಲ. ಇಲ್ಲಿಯವರೆಗೆ ನನ್ನ ಅಂಕಗಳು ಉತ್ತಮವಾಗಿದ್ದವು ಎಂದೇ ನನ್ನ ನಂಬಿಕೆ.

ಆಮೇಲೆ ಆವತಿ ಬಂತು.

ಬಸ್ಸಿಳಿದು ಊರೊಳಗೆ ಕಾಲಿಟ್ಟ ಕೂಡಲೇ ಕಟ್ಟೆಯ ಮೇಲಿದ್ದವರು ಕೇಳಿದರು: “ಯಾರ್ ಮನೇಗ್ ಬಂದ್ರಿ?” ನಮ್ಮ ಸೀಮೆಯಲ್ಲಿ ಇದು ಕುಶಲ ಪ್ರಶ್ನೆಯೂ ಹೌದು, ಪೊಲೀಸು ವಿಚಾರಣೆಯೂ ಹೌದು. ಊರಿಗೆ ಯಾರೂ ಸುಮ್ಮನೆ ಬರುವುದಿಲ್ಲ. ಯಾರದೋ ಮನೆಗೆ ಬರುತ್ತಾರೆ.

“ಯಾರ ಮನೆಗೂ ಇಲ್ಲ. ಊರು ನೋಡೋಕೆ ಬಂದ್ವಿ” ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಊರು ನೋಡೋಕೋ, ಸೈಟ್ ನೋಡೋಕೋ?” ಎಂದ ಒಬ್ಬ. ಏರ್‌ಪೋರ್ಟ್ ಬಂದಮೇಲೆ ಇಲ್ಲಿ ಊರು ನೋಡಲು ಬರುವವರು ಎರಡೇ ಬಗೆ: ಜಮೀನು ಕೊಳ್ಳುವವರು, ಕೊಡಿಸುವವರು. ಬೆನ್ನ ಮೇಲಿನ ನಮ್ಮ ಚೀಲಗಳಲ್ಲಿ ಅಳತೆಯ ಟೇಪು ಇದೆಯೆಂದೇ ಅವರ ಅಂದಾಜು.

ಸ್ವಲ್ಪ ಮುಂದೆ ಒಂದು ಜಗಲಿ. ಅದರ ಮೇಲೆ ನಮ್ಮಷ್ಟೇ ವಯಸ್ಸಿನ ಹೆಂಗಸೊಬ್ಬರು ದೊಡ್ಡ ಬೇಸಿನ್ನು ಮುಂದಿಟ್ಟುಕೊಂಡು ಕೂತಿದ್ದರು. ಬೇಸಿನ್ನಿನ ತುಂಬ ರಾತ್ರಿ ನೆನೆಹಾಕಿದ ಅವರೆಕಾಳು. ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕಳಚಿ ಬೇಳೆ ಪುಳಕ್ಕನೆ ಹೊರಗೆ ಹಾರುತ್ತದೆ. ಅದೇ ಹಿತಕಿದ ಬೇಳೆ. ಸೊಗಡು ಬೀದಿಯ ಆ ತುದಿಯವರೆಗೆ ಹರಡಿತ್ತು. ನಮ್ಮನ್ನು ಕಂಡದ್ದೇ ಅವರು ತಲೆಯೆತ್ತದೆ ಹೇಳಿದರು:

“ಜಮೀನ್ ಮಾರಲ್ಲ. ಮುಂದಿನ್ ಮನೇಲ್ ಕೇಳಿ.”

“ಜಮೀನು ಬೇಡಮ್ಮ. ಒಂದು ಲೋಟ ನೀರು ಕೊಡಿ” ಎಂದಳು ವಿಶಾಲು.

ಅವರು ಒಳಗೆ ಹೋಗಿ ನೀರು ತರುವಷ್ಟರಲ್ಲಿ ವಿಶಾಲು ಚೀಲ ಇಳಿಸಿ, ಜಗಲಿಯ ಮೇಲೆ ಕೂತು, ಬೇಸಿನ್ನಿಗೆ ಕೈಹಾಕಿ, ತನ್ನ ಮನೆಯದೇ ಎಂಬಂತೆ ಕಾಳು ಹಿತಕತೊಡಗಿದ್ದಳು. ಗೌರಮ್ಮ (ಅವರೇ ಗೌರಮ್ಮ) ನೀರಿನ ಚೊಂಬು ಹಿಡಿದು ಆ ಕೈಗಳನ್ನು ಒಂದು ಗಳಿಗೆ ನೋಡಿದರು. ಬ್ರೋಕರುಗಳ ಹೆಂಡಿರು ಹೀಗೆ ಹಿತಕುವುದಿಲ್ಲ ಎಂದು ಖಾತ್ರಿಯಾಗಿರಬೇಕು.

“ಯಾವೂರಮ್ಮ ನಿಂದು?” ಎಂದು ಏಕವಚನಕ್ಕೆ ಇಳಿದೇಬಿಟ್ಟರು.

ನಾನು ಬೆನ್ನಿನ ಚೀಲದೊಂದಿಗೆ ಬೀದಿಯಲ್ಲೇ ನಿಂತಿದ್ದೆ. ಎದುರಿಗೆ ಬೆಟ್ಟ ಕಾಣುತ್ತಿತ್ತು. ಹತ್ತಿ, ನೋಡಿ, ಇಳಿದರೆ ವಿಜಯಪುರದ ಬಸ್ಸು ಸಿಗುತ್ತದೆ ಎಂದು ಮನಸ್ಸು ತಾನೇ ಲೆಕ್ಕ ಹಾಕುತ್ತಿತ್ತು.

ಒಳಗಿನಿಂದ ಬಂದ ಗೌರಮ್ಮನ ಯಜಮಾನರು ಪಿಳ್ಳಪ್ಪ, ಟವೆಲ್ಲಿನಿಂದ ಜಗಲಿ ಒರೆಸಿ, “ಆ ಚೀಲ ಇಳ್ಸಿ ಸಾ. ಅದೇನ್ ಕೂಸುಮರೀನಾ?” ಎಂದರು.

“ಬೆಟ್ಟ ಹತ್ತೋಣ ಅಂತ. ದೇವರ ದರ್ಶನ...”

“ದೇವ್ರು ಎಲ್ಗೋಯ್ತಾನೆ ಸಾ? ಅಲ್ಲೇ ಇರ್ತಾನೆ. ಅವ್ನೇನ್ ಬಸ್ಸಾ?”

ಅಷ್ಟರಲ್ಲಿ ತಲೆಯ ಮೇಲೆ ವಿಮಾನವೊಂದು ಹಾದುಹೋಯಿತು. ಪಿಳ್ಳಪ್ಪ ಅದು ಮರೆಯಾಗುವವರೆಗೂ ಗೌರವದಿಂದ ನೋಡಿ, “ಎಲ್ರಿಗೂ ಅರ್ಜೆಂಟು. ಡೆಲ್ಲಿಗೋಗಿ, ಅಲ್ಲಿ ಇತ್ಕಿದ್ ಬ್ಯಾಳೆ ಸಿಕ್ಕಲ್ಲ ಅಂತ ಇನ್ನೊಂದ್ ವಿಮಾನ್ದಾಗೆ ವಾಪಸ್ ಬತ್ತಾರೆ” ಎಂದರು.

ಕೂತೆ. ಬರಿಗೈಯಲ್ಲಿ ಕೂರುವುದು ಚೆನ್ನಲ್ಲವೆಂದು ನಾನೂ ಒಂದು ಕಾಳು ತೆಗೆದುಕೊಂಡು ಒತ್ತಿದೆ. ಬೇಳೆ ನೇರವಾಗಿ ಪಿಳ್ಳಪ್ಪನ ಕೆನ್ನೆಗೆ ಹೋಗಿ ಬಡಿಯಿತು. ಎರಡನೆಯದು ಮೊದಲಿನದಕ್ಕಿಂತ ಚೆನ್ನಾಗಿ ಹೋಯಿತು; ಬೀದಿ ದಾಟಿತು.

“ಏನ್ ಕೆಲ್ಸ ಸಾ ನಿಮ್ದು?”

“ಮೇಷ್ಟ್ರು. ರಿಟೈರ್ಡು.”

“ಅಂಗೇಳಿ ಮತ್ತೆ. ಸೀಮೆಸುಣ್ಣ ಎಸ್ದೂ ಎಸ್ದೂ ಕೈ ಪಳಗೈತೆ” ಎಂದರು ಗೌರಮ್ಮ. ವಿಶಾಲು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ನಗು ನನಗೆ ಎಲ್ಲೋ ಕೇಳಿದಂತಿತ್ತು. ಆದರೆ ಬಹಳ ದಿನ ಕೇಳಿರಲಿಲ್ಲ.

ಬೇಸಿನ್ನು ಮುಗಿಯುವಂತೆ ಕಾಣಲಿಲ್ಲ. ಕಾಳಿನ ಜೊತೆಗೆ ಊರ ವಿಷಯವೂ ಸಿಪ್ಪೆ ಕಳಚಿಕೊಂಡು ಬರುತ್ತಿತ್ತು. ಯಾರ ಜಮೀನು ಹೋಯಿತು, ಬಂದ ದುಡ್ಡಿನಲ್ಲಿ ಯಾರು ಕಾರು ತಂದು ನಿಲ್ಲಿಸಲು ಜಾಗವಿಲ್ಲದೆ ದನದ ಕೊಟ್ಟಿಗೆಯಲ್ಲಿ ಕಟ್ಟಿದರು, ಇತ್ಯಾದಿ. ನಾನೂ ಹೂಂಗುಟ್ಟುತ್ತಿದ್ದೆ. ಹಾಗಿರುವಾಗ ಬೀದಿಯ ತುದಿಯಲ್ಲಿ ವಿಜಯಪುರದ ಬಸ್ಸು ಬಂದು ನಿಂತಿತು.

ಮುಂದಿನದರಲ್ಲಿ ನನ್ನ ಮನಸ್ಸಿನ ಪಾತ್ರವಿಲ್ಲ. ದೇಹ ತಾನಾಗಿ ಎದ್ದಿತು. ಚೀಲ ತಾನಾಗಿ ಬೆನ್ನೇರಿತು. ಕೈ ಎದೆಯ ಬಕಲಿಗೆ ಹೋಯಿತು, ಬಕಲು ಬಾಯಿಗೆ ಬಂತು, ಮತ್ತು ನಾನು ಊದಿದೆ. ಉದ್ದಕ್ಕೆ.

ಆವತಿ ಸ್ತಬ್ಧವಾಯಿತು. ನಾಯಿಗಳು ಬೊಗಳುವುದನ್ನು ಮರೆತವು. ಎದುರು ಜಗಲಿಯಲ್ಲಿ ತೂಕಡಿಸುತ್ತಿದ್ದವರೊಬ್ಬರು ದಡಕ್ಕನೆ ಎದ್ದು ನೆಟ್ಟಗೆ ನಿಂತರು. ಬಸ್ಸಿನ ಕಂಡಕ್ಟರು ಚೆಕ್ಕಿಂಗಿನವರು ಬಂದರೆಂದು ತಿಳಿದು ಟೋಪಿ ಸರಿಮಾಡಿಕೊಂಡ. ನಾನು ಓಡಿಹೋಗಿ ಬಸ್ಸು ಹತ್ತಿದೆ. ಪ್ರವಾಸದ ನಾಯಕ ಮೊದಲು ಹತ್ತಿ ತಲೆ ಎಣಿಸುವುದು ಪದ್ಧತಿ. ಮೆಟ್ಟಿಲ ಮೇಲೆ ನಿಂತು ಎಣಿಸಿದೆ. ನನ್ನನ್ನು ಸೇರಿಸಿ ಒಂದಾಯಿತು. ಅಷ್ಟರಲ್ಲಿ ಕಂಡಕ್ಟರು ‘ರೈಟ್’ ಎಂದ.

ಹಿಂದಿನ ಗಾಜಿನಲ್ಲಿ ನೋಡಿದೆ. ವಿಶಾಲು ತಲೆಯನ್ನೂ ಎತ್ತಿರಲಿಲ್ಲ. ಅವಳ ಕೈ ಬೇಸಿನ್ನಿನಲ್ಲೇ ಇತ್ತು.

“ಎಷ್ಟ್ ಟಿಕೆಟ್ ಸಾರ್?”

“ಎರಡು. ಅಲ್ಲ, ಒಂದು. ಬೇಡ, ಇಳಿಸಿಬಿಡಿ.”

ಕಂಡಕ್ಟರು ಹಿಂದೆ ನೋಡಿ ಅರ್ಥಮಾಡಿಕೊಂಡ. “ಜಗಳಾನಾ ಸಾರ್?”

“ಇಲ್ಲಪ್ಪ. ಪರೀಕ್ಷೆ.”

“ಈ ವಯಸ್ಸಲ್ಲಿ?” ಎಂದು ಕನಿಕರದಿಂದ ಸೀಟಿ ಊದಿ ಬಸ್ಸು ನಿಲ್ಲಿಸಿದ. ಅವನ ಸೀಟಿಗೆ ಬಸ್ಸು ನಿಂತಿತು. ನನ್ನದಕ್ಕೆ ಹೆಂಡತಿ ಕೂಡ ಏಳಲಿಲ್ಲ.

ಇಳಿದಾಗ ಊರು ಸಾಕಷ್ಟು ಹಿಂದೆ ಬಿದ್ದಿತ್ತು. ಎರಡೂ ಕಡೆ ಕೊಯ್ಲಾದ ರಾಗಿ ಹೊಲ. ನಡುವೆ ಬೆನ್ನಿಗೆ ಕೂಸುಮರಿ ಕಟ್ಟಿಕೊಂಡ ನಾನು. ನಡೆಯುತ್ತ ನಡೆಯುತ್ತ ಹಿಮಾಲಯದಲ್ಲಿ ಮಹಿಳಾ ಸಮಾಜದವರು ಸಾಲಾಗಿ ಕೂತು ಹಿಮ ನೋಡುತ್ತಿರುವುದು, ನಡುವೆ ವಿಶಾಲು, ಅವಳ ಪಕ್ಕದ ಜಾಗದಲ್ಲಿ ಯಾರೋ ಕಾರ್ಯದರ್ಶಿ ಕೂತಿರುವುದು ಕಣ್ಣಿಗೆ ಕಟ್ಟಿತು. ಆ ಚಿತ್ರದಲ್ಲಿ ನಾನು ನೆಲಮಂಗಲದಲ್ಲಿ ದಾಸವಾಳಕ್ಕೆ ನೀರು ಹಾಕುತ್ತಿದ್ದೆ. ದಾಸವಾಳ ಎಷ್ಟು ಚೆನ್ನಾಗಿದ್ದರೂ ನನ್ನ ಬೇಳೆ ಬೀದಿ ದಾಟುವುದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಗುವುದಿಲ್ಲ.

ಹಿಂದಿನಿಂದ ಹಾಲಿನ ಕ್ಯಾನು ಹೇರಿದ ಮೊಪೆಡ್ಡೊಂದು ಬಂದು ಪಕ್ಕದಲ್ಲಿ ನಿಧಾನಿಸಿತು.

“ಯಾರ್ ಮನೇಗ್ ಸಾ?”

ಈ ಸಲ ನನ್ನ ಬಳಿ ಉತ್ತರವಿತ್ತು. ಅದು ಬಾಯಿಂದ ಬಂದಾಗ ನನಗೇ ಆಶ್ಚರ್ಯವಾಯಿತು.

“ಗೌರಮ್ಮನ ಮನೆಗೆ.”

“ಪಿಳ್ಳಪ್ಪನ್ ಗೌರಮ್ಮನ್ ಮನೇಗಾ? ಏನಾಗ್ಬೇಕು ಅವ್ರು ನಿಮ್ಗೆ?”

ಯೋಚಿಸಿದೆ. “ಅವರೆಕಾಯಿ ಕಡೆಯಿಂದ ಸಂಬಂಧ.”

“ಅಂಗಾದ್ರೆ ಹತ್ರದೋರೇ ಬುಡಿ” ಎಂದು ನಕ್ಕು, “ಕುಂತ್ಕಳಿ, ಬುಟ್ಬುಡ್ತೀನಿ” ಎಂದ. ಬೇಡವೆಂದೆ. ಬಂದ ವಾಹನವನ್ನು ಹತ್ತದೆ ಬಿಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು. ಹೆಂಡತಿಗೆ ಹೇಳಬೇಕಾದ ಮಾತು ಇನ್ನೂ ಸಿದ್ಧವಾಗಿರಲಿಲ್ಲ. ಅದಕ್ಕೆ ನಡಿಗೆಯೇ ಬೇಕಿತ್ತು.

ಮಾತಿನ ಅಗತ್ಯ ಬೀಳಲಿಲ್ಲ. “ಬಂದ್ರಾ? ಬಸ್ಸು ಚೆಂದಾಗಿತ್ತಾ?” ಎಂದು ಗೌರಮ್ಮ ಕೇಳಿ, ಬೇಸಿನ್ನನ್ನು ನನ್ನ ಕಡೆ ತಳ್ಳಿದರು. ನಾನು ಕೂತು ಹಿತಕಿದೆ. ತಳ ಕಾಣುವ ಹೊತ್ತಿಗೆ ನನ್ನ ಬೇಳೆಗಳು ಬಟ್ಟಲಿನ ಆಸುಪಾಸಿನಲ್ಲೇ ಬೀಳತೊಡಗಿದ್ದವು. ಪಿಳ್ಳಪ್ಪ ಮಾತ್ರ ನನ್ನ ಬಕಲನ್ನೇ ನೋಡುತ್ತಿದ್ದರು.

“ಸಾ, ಆ ಪೀಪಿ ನಂಗ್ ಕೊಟ್ಬುಡಿ. ಹೊಲಕ್ಕೆ ಹಂದಿ ಬತ್ತವೆ. ನೀವ್ ಊದಿದ್ ಕೇಳಿ ನಂಗೇ ಓಡೋಗಂಗಾಯ್ತು. ಇನ್ನ ಹಂದಿ ನಿಂತಾವಾ?”

ಬಕಲಿನಿಂದ ಕಿತ್ತು ಕೊಟ್ಟೆ. ವಿಶಾಲು ಅದನ್ನು ಓರೆಗಣ್ಣಿನಿಂದ ಗಮನಿಸಿದಳು.

ಆ ಮಧ್ಯಾಹ್ನದ ಮುದ್ದೆ ಮತ್ತು ಹಿತಕಿದ ಬೇಳೆ ಸಾರಿನ ಬಗ್ಗೆ ನಾನು ಬರೆಯುವುದಿಲ್ಲ. ಬರೆದರೆ ಓದುಗರು ಅರ್ಧಕ್ಕೆ ಎದ್ದು ಹೋಗುತ್ತಾರೆ. ಬೆಟ್ಟಕ್ಕೆ ಮರುದಿನ ಹೋದೆವು. ದೇವರು ಪಿಳ್ಳಪ್ಪ ಹೇಳಿದಂತೆ ಅಲ್ಲೇ ಇದ್ದ. ಹೊರಡೋಣವೆಂದರೆ ಅಂದು ಶುಕ್ರವಾರ. ಶುಕ್ರವಾರ ಮನೆಮಗಳನ್ನು ಕಳಿಸಬಾರದೆಂದು ಗೌರಮ್ಮ ತಡೆದರು. ವಿಶಾಲು ಯಾವಾಗ ಮನೆಮಗಳಾದಳೆಂದು ನಾನು ಕೇಳಲಿಲ್ಲ. ಕೇಳಿದ್ದರೆ ನಾನು ಮನೆ ಅಳಿಯನಾಗಿ ನಡೆದು ತೋರಿಸಬೇಕಾಗುತ್ತಿತ್ತು. ಶನಿವಾರ ಬೆಳಿಗ್ಗೆ ಅರಿಶಿನ ಕುಂಕುಮ ಕೊಟ್ಟು, ದಾರಿಗಿರಲೆಂದು ಹಿತಕಿದ ಬೇಳೆಯ ಹುಸಲಿ ತುಂಬಿದ ಒಂದು ಸ್ಟೀಲ್ ಡಬ್ಬಿಯನ್ನೂ ವಿಶಾಲುವಿನ ಚೀಲಕ್ಕೆ ತುರುಕಿದರು.

ಬಸ್ಸಿನಲ್ಲಿ ಧೈರ್ಯ ಮಾಡಿ ಕೇಳಿದೆ: “ನನ್ನ ಫಲಿತಾಂಶ?”

“ತಡೆಹಿಡಿಯಲಾಗಿದೆ” ಎಂದಳು ವಿಶಾಲು, ಕಿಟಕಿಯಾಚೆ ನೋಡುತ್ತ. ಎಷ್ಟೋ ಮಕ್ಕಳಿಗೆ ಆ ಮಾತು ಹೇಳಿ ಮನೆಗೆ ಕಳಿಸಿದ್ದೆ. ಅದರ ತೂಕ ತಿಳಿದದ್ದು ಅಂದು.

ನಂದಗುಡಿಯಲ್ಲಿ ಇಳಿದು ಹುಸಲಿ ತಿಂದು ಮುಗಿಸಿದೆವು. ಆಗ ವಿಶಾಲು ಖಾಲಿ ಡಬ್ಬಿಯನ್ನು ಎತ್ತಿ ಹಿಡಿದು, ಹಾವು ಕಂಡವಳಂತೆ ನನ್ನ ಕಡೆ ನೋಡಿದಳು. ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಹೊಳೆಯಿತು. ಡಬ್ಬಿ ಹಿಂದಿರುಗಿಸಬೇಕು. ಖಾಲಿ ಹಿಂದಿರುಗಿಸಕೂಡದು. ಅಂಗಡಿಯ ಮಿಠಾಯಿ ತುಂಬಿದರೆ ಅವಮಾನ. ಕೈಯಾರೆ ಮಾಡಿದ್ದೇ ಆಗಬೇಕು. ಬೆನ್ನಿಗೆ ಚೀಲ ಕಟ್ಟಿಕೊಂಡು ಲೋಕ ಸುತ್ತುವವರಿಗೆ ಯಾವ ಪುಸ್ತಕದಲ್ಲೂ ಹೇಳಿಕೊಡದ ತೊಂದರೆ ಇದು: ಪರವೂರಿನಲ್ಲಿ ನಮಗೊಂದು ಒಲೆ ಬೇಕಾಗಿತ್ತು.

ರಸ್ತೆಯ ಪಕ್ಕದಲ್ಲಿ ಸರೋಜಮ್ಮ ಎಂಬಾಕೆಯ ಸಣ್ಣ ಹೋಟೆಲು. ಇಡ್ಲಿಯ ಗಲಾಟೆ ಮುಗಿದು ಒಲೆ ಸುಮ್ಮನಿತ್ತು.

“ಅಕ್ಕಾ, ಸ್ವಲ್ಪ ಹೊತ್ತು ಒಲೆ ಕೊಡ್ತೀರಾ? ಸಾಮಾನು ನಾವೇ ತರ್ತೀವಿ” ಎಂದು ಕೇಳಿದಳು ವಿಶಾಲು.

ಸರೋಜಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಜಮಾನ್ರಿಗೆ ಓಟ್ಲೂಟ ಸೇರಾಕಿಲ್ವಾ?” ಎಂದರು.

“ಅದಲ್ಲ. ಒಬ್ರ ಡಬ್ಬಿ ಖಾಲಿ ಆಗೋಗಿದೆ.”

“ಅಯ್ಯೋ, ಅದ್ನ ಮೊದ್ಲೇ ಯೋಳ್ಬಾರ್ದಾ!” ಎಂದು ಸರೋಜಮ್ಮ ಎದ್ದು ಬಾಣಲೆ ಇಳಿಸಿದರು. ಇನ್ನೇನೂ ವಿವರಿಸಬೇಕಾಗಲಿಲ್ಲ.

ಕೋಡುಬಳೆ ಎಂದು ತೀರ್ಮಾನವಾಯಿತು. ಹಿಟ್ಟು ಹೊಸೆದು ಬಳೆ ಮಾಡುವ ಕೆಲಸ ನನಗೆ. ನನ್ನ ಬಳೆಗಳು ಕರ್ನಾಟಕದ ನಕಾಶೆಯಂತೆ ಬಂದವು. ಸಮಾಜ ವಿಜ್ಞಾನ ಎಲ್ಲಿಗೆ ಹೋದರೂ ಬಿಡುವುದಿಲ್ಲ. ನಡುವೆ ಟೀಗೆ ಬಂದ ಇಬ್ಬರು ನನ್ನನ್ನು ಹೊಸ ಸಪ್ಲೈಯರ್ ಎಂದುಕೊಂಡು, “ಏ ಗುರು, ಎರಡ್ ಟೀ, ಬೇಗ” ಎಂದರು. “ಕೂತ್ಕೊಳ್ಳಿ, ಆತುರ ಮಾಡಿದ್ರೆ ಟೀ ಚೆನ್ನಾಗಿರಲ್ಲ” ಎಂದುಬಿಟ್ಟೆ. ಒಳಗೆ ಬಾಣಲೆಯ ಮುಂದಿದ್ದ ವಿಶಾಲು ತಿರುಗಿ ನೋಡಿದಳು. ಅಂಕ ಹಾಕಿದಳೋ ಇಲ್ಲವೋ ತಿಳಿಯಲಿಲ್ಲ. ಹೊರಡುವಾಗ ಸರೋಜಮ್ಮ ಸಾರಿನಪುಡಿ ತುಂಬಿದ ತಮ್ಮದೊಂದು ಡಬ್ಬಿ ಕೊಟ್ಟು, “ಡಬ್ಬಿ ಮರೀಬ್ಯಾಡ್ರವ್ವ” ಎಂದರು.

ಮುಂದೆ ಹೊಸಕೋಟೆಗೆ ಹೋಗಬೇಕಾದವರು ಹಿಂದಕ್ಕೆ ಆವತಿಗೆ ಹೋದೆವು. ಕೋಡುಬಳೆ ಇಳಿಸಿಕೊಂಡ ಗೌರಮ್ಮ ಡಬ್ಬಿ ಖಾಲಿ ಕೊಟ್ಟಾರೆ? ಹುರಿಹಿಟ್ಟು ತುಂಬಿತು. ಅಷ್ಟರಲ್ಲಿ ನಂದಗುಡಿಯ ಡಬ್ಬಿ ಕಾಯುತ್ತಿತ್ತು. ಎರಡು ಊರಿನ ನಡುವೆ ಡಬ್ಬಿ ತುಂಬಿ ಒಪ್ಪಿಸುವುದರಲ್ಲೇ ವಾರ ಮುಗಿಯಿತು. ಹೊಸಕೋಟೆ ಇಂದಿಗೂ ಬಾಕಿ ಇದೆ, ಹಳೇಬೀಡಿನ ಸೊಂಡಿಲಿನ ಹಾಗೆ.

“ಎಷ್ಟು ಪ್ಲೇಸ್ ಕವರ್ ಮಾಡಿದ್ರಿ ಮಾವ?” ಎಂದು ಸಿಂಚನ ಫೋನು ಮಾಡಿದಳು.

“ಒಂದು ಜಗಲಿ, ಒಂದು ಒಲೆ” ಎಂದೆ. ಅವಳು, “ಅತ್ತೆಗೆ ಕೊಡಿ ಫೋನು” ಎಂದಳು.

ಈ ವರ್ಷ ಯುಗಾದಿ ಕಳೆದಮೇಲೆ ಒಂದು ದಿನ ನಮ್ಮ ಬೀದಿಯ ತಿರುವಿನಲ್ಲಿ ಬೆನ್ನಿಗೆ ಅಕ್ಕಿಚೀಲ ಕಟ್ಟಿಕೊಂಡ ಒಬ್ಬ ಗಂಡಸೂ ಒಬ್ಬ ಹೆಂಗಸೂ ಕಾಣಿಸಿಕೊಂಡರು. ಪಿಳ್ಳಪ್ಪ ಚೀಲದ ಎರಡು ಮೂಲೆಗೆ ಹಗ್ಗ ಬಿಗಿದು, ಎದೆಯ ಮೇಲೆ ಗಂಟು ಹಾಕಿ, ಗಂಟಿಗೆ ಪೀಪಿ ಕಟ್ಟಿದ್ದರು. “ಊರ್ ನೋಡಾಕ್ ಬಂದ್ವಿ” ಎಂದರು ಘನತೆಯಿಂದ. ನೆಲಮಂಗಲದಲ್ಲಿ ನೋಡುವಂಥದ್ದು ಏನಿದೆಯೆಂದು ನನಗೂ ಗೊತ್ತಿರಲಿಲ್ಲ. ನಾಲ್ವರೂ ಹುಡುಕಿದೆವು. ಕೊನೆಗೆ ಹೆದ್ದಾರಿಯ ಮೇಲ್ಸೇತುವೆಯ ಕೆಳಗೆ ನಿಂತು ಕಬ್ಬಿನ ಹಾಲು ಕುಡಿದು, ಚೆನ್ನಾಗಿದೆ ಎಂದು ತೀರ್ಮಾನಿಸಿದೆವು. ಅವರು ಎರಡು ದಿನವಿದ್ದು ಹೋದರು. ಹಲಸಿನ ಹಪ್ಪಳ ತುಂಬಿ ತಂದಿದ್ದ ಡಬ್ಬಿ ನಮ್ಮಲ್ಲೇ ಉಳಿಯಿತು. ಪಕ್ಕದ ಮನೆಯಾಕೆ ಕಂಡದ್ದು ಇದೇ ಡಬ್ಬಿ. ಪ್ರಕರಣ ಇಷ್ಟೇ, ನಾನು ನಿರ್ದೋಷಿ.

ಆದರೆ ಫಲಿತಾಂಶ ಮಾತ್ರ ಪ್ರಕಟವಾಗಿರಲಿಲ್ಲ. ನಿನ್ನೆ ಮಹಿಳಾ ಸಮಾಜದ ಕಾರ್ಯದರ್ಶಿ ಮನೆಗೆ ಬಂದು, ಹಿಮಾಲಯಕ್ಕೆ ಹೆಸರು ಕೊಡಲು ನಾಳೆಯೇ ಕಡೆಯ ದಿನ ಎಂದು ಹೇಳಿಹೋದರು. ವಿಶಾಲು ‘ಹೇಳ್ತೀನಿ’ ಎಂದಳು. ನಾನು ಹೊರಗೆ ಹೋಗಿ ದಾಸವಾಳಕ್ಕೆ ನೀರು ಹಾಕಿದೆ. ಅಭ್ಯಾಸವಾಗಲಿ ಎಂದು.

ಇಂದು ಬೆಳಿಗ್ಗೆ ಅವಳು ಗೌರಮ್ಮನಿಗೆ ಫೋನು ಮಾಡಿ, ಫೋನನ್ನು ಸ್ಪೀಕರಿಗೆ ಹಾಕಿ, ಕೋಡುಬಳೆಯ ಹಿಟ್ಟು ಕಲಸುತ್ತ ಕೇಳಿದಳು: “ಗೌರಮ್ಮ, ಹಿಮಾಲಯಕ್ಕೆ ಬರ್ತೀರಾ? ನೀವು, ಪಿಳ್ಳಪ್ಪನೋರು, ನಮ್ ಜೊತೆ.”

‘ನಮ್ಮ’ ಎಂಬುದರಲ್ಲಿ ನಾನು ಇದ್ದೆನೋ, ಕಾರ್ಯದರ್ಶಿ ಇದ್ದರೋ ಸ್ಪಷ್ಟವಾಗಲಿಲ್ಲ.

ಆ ಕಡೆಯಿಂದ ಗೌರಮ್ಮನ ದನಿ: “ಇಮಾಲಯಾನಾ? ಅಲ್ ಯಾರ್ ಮನೇಗೆ?”

ವಿಶಾಲು ಕಲಸುವುದನ್ನು ನಿಲ್ಲಿಸಿ ನನ್ನತ್ತ ತಿರುಗಿದಳು. ಪರೀಕ್ಷಾ ಕೊಠಡಿಯಲ್ಲಿ ಆ ನೋಟವನ್ನು ನಾನು ಎಷ್ಟೋ ಸಲ ಬಳಸಿದ್ದೇನೆ. ಹಿಮಾಲಯದ ಶಿಖರಗಳ ಎತ್ತರ, ಅಲ್ಲಿ ಹುಟ್ಟುವ ನದಿಗಳು, ಕಣಿವೆಗಳು, ಎಲ್ಲವನ್ನೂ ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಈ ಪ್ರಶ್ನೆ ಮಾತ್ರ ಪಠ್ಯದಲ್ಲಿರಲಿಲ್ಲ.

“ಗೊತ್ತಿಲ್ಲ ಗೌರಮ್ಮ” ಎಂದೆ ನಾನೇ, ಫೋನಿನ ಕಡೆ ಬಾಗಿ. “ಹೋಗಿ ಯಾರ್ದಾದ್ರೂ ಜಗಲಿ ಮೇಲೆ ಕೂರೋಣ. ಅವ್ರ ಕೈಲಿರೋ ಕೆಲಸಕ್ಕೆ ನಾವೂ ಕೈ ಹಾಕೋಣ. ಯಾರ ಮನೆ ಅಂತ ಆಮೇಲೆ ಗೊತ್ತಾಗುತ್ತೆ. ನಿಮ್ ಡಬ್ಬೀನೂ ತಗೊಂಡು ಹೋಗೋಣ. ಒಂದು ತಿಂಗಳು ಟೈಮಿದೆ.”

ವಿಶಾಲು ಹಿಟ್ಟಿನ ಕೈಯಲ್ಲೇ ಹಳೆಯ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ, ಸುರುಳಿ ಸುತ್ತಿ, ನನ್ನ ಬೆನ್ನುಚೀಲದ ಪಕ್ಕಕ್ಕೆ ಸಿಕ್ಕಿಸಿದಳು.

“ಕೇಳಿಸ್ತಾ ಗೌರಮ್ಮ? ಪಾಸಾದ್ರು” ಎಂದಳು.

ಆ ಕಡೆಯಿಂದ ಕಿವಿ ಕಿತ್ತುಹೋಗುವಂತೆ ಉದ್ದದ ಪೀಪಿಯೊಂದು ಕೇಳಿಸಿತು. ಅದರ ಹಿಂದೆಯೇ ಪಿಳ್ಳಪ್ಪನ ಕೂಗು:

“ಗೌರಾ, ಏಳಮ್ಮೀ ಮೇಲೆ! ಬಸ್ಸು ಒಂಟೋಯ್ತದೆ!”